ಮಗಳ ಜೊತೆ 14 ತಿಂಗಳು ಲೆಕ್ಕ ಮಾಡಿದ ಮೇಲೆ: ಖಾನ್ ಅಕಾಡೆಮಿ ಪ್ರೀಕ್ಯಾಲ್ಕುಲಸ್

ನನ್ನ ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿ ಸೈನ್ಸ್ ಸೇರಿದ ಕೂಡಲೇ ದುಡ್ಡು ಕಟ್ಟಿ ಒಂದು ಕೋಚಿಂಗ್ ಆ್ಯಪ್ ಕೊಡಿಸಿದ್ದೆ. ಅದರಲ್ಲಿ ವಿಡಿಯೋ ರಾಶಿ ರಾಶಿ, ಕೂತು ಬಿಡಿಸೋ ಲೆಕ್ಕ ಬೆರಳೆಣಿಕೆಯಷ್ಟು. ಮೂರೇ ತಿಂಗಳಿಗೆ ಬಿಟ್ಟೆವು. ಆಮೇಲೆ ಹಿಡಿದದ್ದು ಖಾನ್ ಅಕಾಡೆಮಿ ಅನ್ನೋ ಆನ್‌ಲೈನ್ ಕಲಿಕಾ ತಾಣ. ಪೂರ್ತಿ ಉಚಿತ. ಅದರ ಪ್ರೀಕ್ಯಾಲ್ಕುಲಸ್ (ಕ್ಯಾಲ್ಕುಲಸ್‌ಗೆ ಮುಂಚೆ ಕಲಿಯೋ ಗಣಿತ) ಕೋರ್ಸಿನಲ್ಲಿ ನಾವು ಜಾಸ್ತಿ ಬಳಸಿದ್ದು ಶ್ರೇಢಿ ಮತ್ತು ಸಂಭವನೀಯತೆಯ ಪಾಠಗಳನ್ನು.

ನನಗೆ ತುಂಬಾ ಹಿಡಿಸಿದ್ದು ಒಂದು ವಿಷಯ. ಸುಳಿವು ಕೇಳಿದರೆ ಪೂರ್ತಿ ದಾರಿ ತೋರಿಸುತ್ತದೆ, ಆದರೆ ಆ ಲೆಕ್ಕ ಸರಿ ಅಂತ ಎಣಿಕೆಗೆ ಬರೋದಿಲ್ಲ. ಅಂಕಿ ಬದಲಿಸಿದ ಇನ್ನೊಂದು ಲೆಕ್ಕವನ್ನು ಸ್ವಂತವಾಗಿ ಮಾಡಲೇಬೇಕು. ಗೈಡಿನ ಹಿಂದಿನ ಪುಟ ನೋಡಿ ‘ಗೊತ್ತಾಯ್ತು’ ಅನ್ನೋ ಅಭ್ಯಾಸ ಮಗಳಿಗೆ ತಪ್ಪಿದ್ದು ಇದರಿಂದಲೇ.

ಒಂದು ರಾತ್ರಿ ಬಂದ ಲೆಕ್ಕದ ರೀತಿ ಹೀಗಿತ್ತು: 3 + 6 + 12 + … + 384, ಮೊತ್ತ ಎಷ್ಟು? 384ನ್ನು 3ರಿಂದ ಭಾಗಿಸಿದರೆ 128, ಅಂದರೆ 2ರ ಘಾತ 7. ಹಾಗಾಗಿ ಏಳು ಪದ ಅಂತ ಹಿಡಿದು 381 ಬರೆದಳು. ತಪ್ಪು ಅಂತ ಬಂತು. ಸುಳಿವು ಒತ್ತೋಕೆ ಹೋದವಳು ಕೈ ಹಿಂದಕ್ಕೆ ತಗೊಂಡಳು. ‘ಅಪ್ಪಾ, ಕೊನೇ ಪದವೇ 384 ಇದೆ, ಮೊತ್ತ ಅದಕ್ಕಿಂತ ಕಡಿಮೆ ಬರೋಕೆ ಸಾಧ್ಯಾನಾ?’ ಘಾತ ಸೊನ್ನೆಯಿಂದ ಶುರುವಾಗುತ್ತೆ, ಪದ ಎಂಟು, ಉತ್ತರ 765. ಅವತ್ತಿನಿಂದ ಪದ ಎಣಿಸದೆ ಸೂತ್ರಕ್ಕೆ ಕೈ ಹಾಕೋದಿಲ್ಲ.

ಕ್ರಮಯೋಜನೆ (ಕ್ರಮವೂ ಲೆಕ್ಕಕ್ಕೆ ಬರೋ ಜೋಡಣೆ), ವಿಕಲ್ಪ (ಕ್ರಮ ಲೆಕ್ಕಕ್ಕಿಲ್ಲದ ಆಯ್ಕೆ) ಇವಕ್ಕೆ ಇನ್ನೂ ಜಾಸ್ತಿ ದಿನ ಹಿಡಿಯಿತು. ಎಂಟು ಜನರಲ್ಲಿ ಮೂವರನ್ನು ಆರಿಸೋದಕ್ಕೆ 56 ದಾರಿ. ಹಾಗೆ ಆರಿಸಿದ ಮೂವರಿಗೆ ಬೇರೆ ಬೇರೆ ಹುದ್ದೆಯನ್ನೂ ಕೊಡಬೇಕಾದರೆ ಒಟ್ಟು 336. ಯಾವಾಗ ಯಾವುದು ಅನ್ನೋದು ವಿಡಿಯೋ ನೋಡಿದರೆ ಬರೋದಲ್ಲ, ಇಪ್ಪತ್ತು ಮೂವತ್ತು ಲೆಕ್ಕ ಮಾಡಿದ ಮೇಲೆ ತಾನಾಗಿ ಕೈಗೆ ಬರುತ್ತೆ.

ಒಂದು ಮಾತು ಹೇಳಲೇಬೇಕು. ಇದು ಅಮೆರಿಕದ ಹೈಸ್ಕೂಲ್ ಕ್ರಮಕ್ಕೆ ಮಾಡಿದ ಕೋರ್ಸ್, ಇಂಗ್ಲಿಷಿನಲ್ಲಿದೆ. ನೋಡೋದು ಉತ್ತರವನ್ನು ಮಾತ್ರ, ಹಂತಗಳನ್ನಲ್ಲ. ಪಿಯು ಪರೀಕ್ಷೆಯಲ್ಲಿ ಹಂತಕ್ಕೂ ಅಂಕ ಇದೆ ಅಲ್ವಾ? ಹಾಗಾಗಿ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಪೂರ್ತಿ ಬರೆದೇ ಉತ್ತರ ಹಾಕಬೇಕು ಅಂತ ಮನೆಯಲ್ಲಿ ನಿಯಮ ಮಾಡಿಕೊಂಡೆವು. ಕಾಲೇಜಿನ ಪಠ್ಯಪುಸ್ತಕದ ಅಭ್ಯಾಸ ಬಿಡೋ ಹಾಗಿಲ್ಲ.

ಲೆಕ್ಕದ ಸಂಭವನೀಯತೆ ಬೇರೆ, ಪ್ರಯೋಗದಲ್ಲಿ ಸಿಗೋದು ಬೇರೆ ಅನ್ನೋ ಭಾಗ ಬಂದಾಗ ಅಜ್ಜಿಯ ಚೌಕಾಬಾರದ ಕವಡೆ ತೆಗೆದೆವು. ಕವಡೆ ನಾಣ್ಯದ ಹಾಗೆ ಎರಡೂ ಕಡೆ ಸಮನಾಗಿ ಬೀಳೋದಾದರೆ ನಾಲ್ಕೂ ಮಗುಚಿ ಬೀಳೋ ಸಂಭವ 1/16. 160 ಸಲ ಎಸೆದರೆ ಸುಮಾರು 10 ಸಲ ಬರಬೇಕು. ನಮಗೆ 19 ಸಲ ಬಂತು. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಅದಕ್ಕೇ ಇರಬೇಕು ಅಂದಳು ಮಗಳು. ಈಗ ಪ್ರತಿ ಕವಡೆಯನ್ನೂ ಒಂದೊಂದಾಗಿ ಎಸೆದು ಗೀಟು ಹಾಕುತ್ತಿದ್ದಾಳೆ.