ಲಂಡೊವ್‌ಸ್ಕಾ ಅವರ ಕ್ರೊಮ್ಯಾಟಿಕ್ ಫ್ಯಾಂಟಸಿಯಾ: ಹಳೆಯ ಧ್ವನಿಮುದ್ರಣ, ಹೊಸ ಸಿಡಿ

ಪೋಲೆಂಡ್ ಮೂಲದ ವಾದಕಿ ವಾಂಡಾ ಲಂಡೊವ್‌ಸ್ಕಾ ಅವರು 1935ರಲ್ಲಿ ಪ್ಯಾರಿಸ್‌ನಲ್ಲಿ ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀಲಿಮಣೆ ವಾದ್ಯದ ಮೇಲೆ ನುಡಿಸಿದ, ಬಾಖ್‌ನ ಡಿ ಮೈನರ್ ಕ್ರೊಮ್ಯಾಟಿಕ್ ಫ್ಯಾಂಟಸಿಯಾ ಮತ್ತು ಫ್ಯೂಗ್‌ನ ಧ್ವನಿಮುದ್ರಣ ಈಗ ಸಿಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಫ್ಯಾಂಟಸಿಯಾ ಎಂದರೆ ಸ್ವಚ್ಛಂದವಾಗಿ ಹರಿಯುವ ಭಾಗ, ಫ್ಯೂಗ್ ಎಂದರೆ ಒಂದೇ ವಸ್ತುವನ್ನು ಹಲವು ಧ್ವನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಭಾಗ. ಈ ಕೃತಿಯ ಹಲವು ಮುದ್ರಣಗಳನ್ನು ಕೇಳಿದ ಮೇಲೂ ನಾನು ಮತ್ತೆ ಮತ್ತೆ ಮರಳುವುದು ಇದಕ್ಕೇ.

ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಸಣ್ಣ ಕೊಕ್ಕೊಂದು ಮೀಟುತ್ತದೆ. ಕೀಲಿಯನ್ನು ಎಷ್ಟೇ ಬಲವಾಗಿ ಒತ್ತಿದರೂ ನಾದ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ಭಾವದ ಏರಿಳಿತವೆಲ್ಲ ಕಾಲದ ಹಿಡಿತದಿಂದಲೂ, ಎಷ್ಟು ತಂತಿಗಳು ಏಕಕಾಲಕ್ಕೆ ಮಿಡಿಯುತ್ತಿವೆ ಎಂಬುದರಿಂದಲೂ ಬರಬೇಕು. ಫ್ಯಾಂಟಸಿಯಾದ 79 ಬಾರ್‌ಗಳಲ್ಲಿ (ಬಾರ್ ಎಂದರೆ ತಾಳದ ಆವರ್ತದಂಥ ಒಂದು ಘಟಕ) ಇದರ ಪರೀಕ್ಷೆ ಮೂರು ಕಡೆ ಆಗುತ್ತದೆ: ಆರಂಭದ ಮಿಂಚಿನ ಓಟಗಳಲ್ಲಿ, ಬಾಖ್ ಬರಿಯ ಸ್ವರಗುಚ್ಛಗಳನ್ನಷ್ಟೇ ಬರೆದು ‘ಆರ್ಪೆಜಿಯೊ’ ಎಂದು ಸೂಚಿಸಿ, ಅವನ್ನು ಒಂದೊಂದೇ ಸ್ವರವಾಗಿ ಬಿಡಿಸುವ ಹೊಣೆಯನ್ನು ವಾದಕರಿಗೇ ಬಿಟ್ಟಿರುವ ಭಾಗಗಳಲ್ಲಿ ಮತ್ತು 49ನೇ ಬಾರ್‌ನಿಂದ ಶುರುವಾಗುವ ‘ರೆಸಿಟಟಿವ್’ನಲ್ಲಿ. ಈ ಕೊನೆಯದರಲ್ಲಿ ಒಂಟಿ ರಾಗಸಾಲು ಮಾತಿನಂತೆ ತಡೆದು, ತೊದಲಿ, ಮುಂದುವರಿಯುತ್ತದೆ. ಆಲಾಪನೆ ಕೇಳಿ ಬೆಳೆದ ಕಿವಿಗೆ ಈ ಭಾಗ ತಕ್ಷಣ ಹತ್ತಿರವಾಗುತ್ತದೆ. ಲಂಡೊವ್‌ಸ್ಕಾ ಇಲ್ಲಿ ಪ್ರತಿ ನಿಲುಗಡೆಗೂ ತನ್ನದೇ ಆದ ಅಳತೆ ಕೊಡುತ್ತಾರೆ. ಒಂದು ಸ್ವರಗುಚ್ಛ ಪೂರ್ತಿ ಆರಿಹೋಗುವ ಮುನ್ನವೇ ಮುಂದಿನ ಸಾಲನ್ನು ಎತ್ತಿಕೊಳ್ಳುವ ಅವರ ಧೈರ್ಯ ನನಗೆ ಬಹಳ ಇಷ್ಟ.

ಅವರು ನುಡಿಸಿದ, ಪ್ಲೆಯೆಲ್ ಕಂಪನಿ ತಯಾರಿಸಿದ ವಾದ್ಯ ಬಾಖ್‌ನ ಕಾಲದ್ದಲ್ಲ. ಲೋಹದ ಚೌಕಟ್ಟು, ನಾದದ ಸಾಲುಗಳನ್ನು ಬದಲಿಸುವ ಪೆಡಲ್‌ಗಳು, ಒಂದು ಸ್ಥಾಯಿ ಕೆಳಗೆ ಮೊಳಗುವ ‘ಹದಿನಾರು ಅಡಿ’ ಎಂದು ಕರೆಯುವ ತಂತಿಸಾಲು, ಇವೆಲ್ಲ ಇಪ್ಪತ್ತನೆಯ ಶತಮಾನದ ಕಚೇರಿ ಸಭಾಂಗಣಗಳಿಗಾಗಿ ರೂಪುಗೊಂಡವು. ಹಳೆಯ ಮಾದರಿಯ ಮರದ ವಾದ್ಯಗಳ ತಿಳಿನಾದಕ್ಕೆ ಒಗ್ಗಿದವರಿಗೆ ಇದು ಭಾರವೆನಿಸಬಹುದು, ಆ ಆಕ್ಷೇಪ ನ್ಯಾಯವಾದದ್ದೇ. ಆದರೂ ಈ ಕೃತಿಯ ಮಟ್ಟಿಗೆ ನನ್ನ ಒಲವು ಲಂಡೊವ್‌ಸ್ಕಾ ಅವರ ಕಡೆಗೇ, ಏಕೆಂದರೆ ಅವರು ಆ ಭಾರವನ್ನು ಅಲಂಕಾರಕ್ಕೆ ಬಳಸದೆ ಸ್ವರಗುಚ್ಛಗಳ ಅಡಿಪಾಯವಾಗಿಸುತ್ತಾರೆ.

ಫ್ಯೂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅರ್ಧ ಅರ್ಧ ಸ್ವರವಾಗಿ ಮೇಲೇರುವ ಅದರ ವಸ್ತು ಮೂರು ಧ್ವನಿಗಳಲ್ಲೂ ಸ್ಪಷ್ಟವಾಗಿ ಕೇಳುತ್ತದೆ, ನಡೆ ದೃಢವಾಗಿದೆ.

ಕೊಳ್ಳುವವರು ಎಚ್ಚರ ವಹಿಸಬೇಕಾದದ್ದು ಸಿಡಿಯ ವಿಷಯದಲ್ಲಿ. ಇಡೀ ಕೃತಿ ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ಗ್ರಾಮಫೋನ್ ತಟ್ಟೆಯ ಒಂದೇ ಮುಖದಲ್ಲಿ ಹಿಡಿಸುತ್ತಿರಲಿಲ್ಲವಾದ್ದರಿಂದ ಮುಖಗಳನ್ನು ಜೋಡಿಸಬೇಕು, ಸವೆತದ ಸದ್ದನ್ನೂ ತಗ್ಗಿಸಬೇಕು. ನಾನು ಮೊದಲು ಕೊಂಡ ಪ್ರತಿಯಲ್ಲಿ ಆ ಸದ್ದನ್ನು ಎಷ್ಟು ಒರೆಸಿದ್ದರೆಂದರೆ ತಂತಿಯ ಕಂಪನವೂ ಅದರೊಂದಿಗೇ ಹೋಗಿತ್ತು. ಆಮೇಲೆ ಕೊಂಡ, ಚರಚರ ಸದ್ದು ಉಳಿಸಿಕೊಂಡ ಪ್ರತಿಯೇ ಎಷ್ಟೋ ವಾಸಿ. ಸಾಧ್ಯವಾದರೆ ಮೊದಲು ಫ್ಯಾಂಟಸಿಯಾದ ಕೊನೆಯ ಐದು ಬಾರ್‌ಗಳನ್ನು ಕೇಳಿ ನೋಡಿ: ಕೆಳಗೆ ಡಿ ಸ್ವರ ಕದಲದೆ ನಿಂತಿರುವಾಗ ಮೇಲಿನ ಸ್ವರಗುಚ್ಛಗಳು ಒಂದೊಂದೇ ಮೆಟ್ಟಿಲು ಇಳಿದು ಡಿ ಮೇಜರ್‌ನಲ್ಲಿ ನೆಲೆಯಾಗುತ್ತವೆ. ಆ ಕೊನೆಯ ನಾದ ತಾನಾಗಿ ಆರುವವರೆಗೂ ಕೇಳಿಸುವ ಪ್ರತಿಯನ್ನೇ ಕೊಳ್ಳಿ.