ಬಚ್ಚಲ ಹಂಡೆಯಾಚೆಗೆ ವೈಫೈ: ಮಳೆಗಾಲ ಕಂಡ ಮೆಶ್ ಸೆಟ್ಟಿನ ವಿಮರ್ಶೆ

ಮನೆಯ ಬೇರೆ ಬೇರೆ ಕಡೆ ಇಟ್ಟು ಒಂದೇ ವೈಫೈ ಹಬ್ಬಿಸುವ ಮೆಶ್ ಪೆಟ್ಟಿಗೆಗಳು ಚೆನ್ನಾಗಿವೆ. ಅವುಗಳ ವಾರಂಟಿ ಮಾತ್ರ ನಮ್ಮ ಕಡೆಯ ಸಿಡಿಲಿಗೆ ಆಗುವಂಥದ್ದಲ್ಲ. ಅಂಗಡಿಯವರು ಇದನ್ನು ಹೇಳುವುದಿಲ್ಲ, ಹಾಗಾಗಿ ನಾನೇ ಮೊದಲು ಹೇಳಿಬಿಡುತ್ತೇನೆ.

ನಮ್ಮದು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯ ಒಳಗಿನ ಊರು. ಹಳೆಮನೆಗೆ ದಪ್ಪ ಮಣ್ಣಿನ ಗೋಡೆ. ಅದಕ್ಕೆ ತಾಗಿಸಿ ಚಿರೆಕಲ್ಲಿನಲ್ಲಿ ಎರಡು ಹೊಸ ಕೋಣೆ ಕಟ್ಟಿದ್ದೇವೆ. ನನ್ನ ಆಫೀಸ್ ಕೆಲಸ ಅಲ್ಲೇ. ರೂಟರ್ ಇರುವುದು ಹಳೆಮನೆಯ ಜಗಲಿಯಲ್ಲಿ. ನಡುವೆ ಬಚ್ಚಲುಮನೆ, ಅದರಲ್ಲಿ ನೀರು ತುಂಬಿದ ತಾಮ್ರದ ಹಂಡೆ. ವೈಫೈಗೆ ಇದಕ್ಕಿಂತ ಕೆಟ್ಟ ಅಡ್ಡಿ ಹುಡುಕಿದರೂ ಸಿಗಲಿಕ್ಕಿಲ್ಲ. ಲೋಹ ಸಿಗ್ನಲನ್ನು ವಾಪಸ್ ಎಸೆಯುತ್ತದೆ, ನೀರು ನುಂಗುತ್ತದೆ. ವೈಫೈಯ ವೇಗದ ಅಲೆ, 5 ಗಿಗಾಹರ್ಟ್ಸಿನದು, ಹೊಸ ಕೋಣೆಗೆ ಬರುತ್ತಲೇ ಇರಲಿಲ್ಲ. ನಿಧಾನದ 2.4 ಬರುತ್ತಿತ್ತು, ಮೀಟಿಂಗಿನಲ್ಲಿ ಮುಖ ನಿಂತು ದನಿ ಮಾತ್ರ ಕೇಳುವಷ್ಟು.

ಮೊದಲು ಒಂದು ಅಗ್ಗದ ರಿಪೀಟರ್ ಇತ್ತು, ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವಂಥದ್ದು. ಫೋನಿನಲ್ಲಿ ಕಡ್ಡಿ ಪೂರ್ತಿ ತೋರಿಸುತ್ತಿತ್ತು, ಪೇಜ್ ಮಾತ್ರ ತೆರೆಯುತ್ತಿರಲಿಲ್ಲ. ಕಡ್ಡಿ ಹೇಳುವುದು ಫೋನಿಗೂ ರಿಪೀಟರಿಗೂ ಇರುವ ನಂಟನ್ನು. ರಿಪೀಟರಿಗೆ ರೂಟರಿನಿಂದ ಎಷ್ಟು ಸಿಗುತ್ತಿದೆ ಅಂತ ಅದು ಹೇಳುವುದಿಲ್ಲ. ಜೊತೆಗೆ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ತಿರುಗಿ ಹೇಳಬೇಕು, ವೇಗ ಅರ್ಧಕ್ಕೆ ಇಳಿಯುತ್ತದೆ.

ಆಮೇಲೆ ಬಂದದ್ದು ಎರಡು ಪೆಟ್ಟಿಗೆಯ ಮೆಶ್ ಸೆಟ್, ಐದು ಸಾವಿರದ ಒಳಗಿನದು. ಅದರ ಅಂಕಿಅಂಶ ಎಲ್ಲ ಡಬ್ಬದ ಮೇಲೇ ಇದೆ, ಓದಿಕೊಳ್ಳಿ. ನಿಸ್ತಂತುವಾಗಿ ಜೋಡಿಸಿದಾಗ ಹಂಡೆಯ ಕಾಟ ಇದಕ್ಕೂ ತಪ್ಪಲಿಲ್ಲ. ಎರಡಕ್ಕೂ ನಡುವೆ ಕ್ಯಾಟ್ 6 ಅನ್ನುವ ತಾಮ್ರದ ನೆಟ್ ವಯರ್ ಎಳೆದ ಮೇಲೆ ಬೇರೆಯೇ ಸೆಟ್ ಅನ್ನಿಸಿತು. ಜಗಲಿಯಲ್ಲಿ ಸಿಗುವ ವೇಗವೇ ಹೊಸ ಕೋಣೆಯಲ್ಲೂ. ಈ ವಯರ್ 100 ಮೀಟರ್ ತನಕ ಎಳೆಯಬಹುದು, ನಮಗೆ ಅದರ ಕಾಲು ಭಾಗವೂ ಬೇಕಾಗಲಿಲ್ಲ. ಮೇಲಿನಿಂದ ಎಳೆದರೆ ಮಂಗಗಳು ಜೋತಾಡುತ್ತವೆ. ಹಾಗಾಗಿ ತೋಟದ ನೀರಿನ ಹಳೇ ಪೈಪಿನೊಳಗೆ ಹಾಕಿ ಹುಗಿದೆವು.

ನಾನು ಲೆಕ್ಕಕ್ಕೇ ಹಿಡಿಯದಿದ್ದ ಖುಷಿ ಅಂದರೆ ಅಂಗಳ. ಎರಡನೇ ಪೆಟ್ಟಿಗೆ ಕಿಟಕಿ ಪಕ್ಕ ಇರುವುದರಿಂದ ಅಲ್ಲಿಗೂ ನೆಟ್ ಸಿಕ್ಕಿತು. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟ ಆದಮೇಲೆ ಸುಲಿಯುವವರು ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ನಡುವೆ ಮಗುಚಿಟ್ಟ ಬುಟ್ಟಿಯ ಮೇಲೆ ಸ್ಪೀಕರ್, ಅದರಲ್ಲಿ ತಾಳಮದ್ದಳೆ. ಅರ್ಥಗಾರಿಕೆ ರಂಗೇರಿದಾಗ ಕೈ ನಿಲ್ಲುತ್ತದೆ, ಭಾಗವತರ ಪದ ಶುರುವಾದರೆ ಮತ್ತೆ ಕೈ ಓಡುತ್ತದೆ. ಮೊದಲೆಲ್ಲ ಡೌನ್‌ಲೋಡ್ ಮಾಡಿಟ್ಟ ಒಂದೇ ಪ್ರಸಂಗ ತಿರುಗಿ ತಿರುಗಿ ಕೇಳುತ್ತಿದ್ದರು. ಈಗ ಯಾವ ಪ್ರಸಂಗ ಹಾಕಬೇಕು ಅಂತಲೇ ಅರ್ಧ ತಾಸು ಜಗಳ. ಕೊಟ್ಟ ದುಡ್ಡು ಇಲ್ಲೇ ವಸೂಲಾಯಿತು ಅನ್ನುತ್ತಾನೆ ಅಪ್ಪಯ್ಯ. ನನ್ನ ಮೀಟಿಂಗಿಗೆ ಅವನ ಲೆಕ್ಕದಲ್ಲಿ ಬೆಲೆ ಇಲ್ಲ.

ಇಲ್ಲಿಯವರೆಗೆ ಐದಕ್ಕೆ ಐದು ಕೊಡುತ್ತಿದ್ದೆ.

ನಮ್ಮಲ್ಲಿ ಆಷಾಢದ ಜಡಿಮಳೆಗೆ ಗುಡುಗು ಕಡಿಮೆ. ಕಾಟ ಕೊಡುವುದು ಏಪ್ರಿಲ್–ಮೇ ತಿಂಗಳ ಸಂಜೆ ಮಳೆ, ಮತ್ತೆ ನವರಾತ್ರಿ ಹೊತ್ತಿನದು. ಮೋಡ ಕಟ್ಟಿದರೆ ಸಾಕು, "ಗುಡುಗ್ತಾ ಇದ್ದು, ವಯರ್ ತೆಗಿ ತಮಾ" ಅಂತ ಆಯಿ ಒಳಗಿಂದ ಕೂಗುತ್ತಾಳೆ. ನಾನು ಹೋಗಿ ಎರಡೂ ಕಡೆ ಪಿನ್ ಕೀಳಬೇಕು. ಮನೆಯಲ್ಲಿ ಯಾರೂ ಇಲ್ಲದ ಒಂದು ಸಂಜೆ ಹತ್ತಿರದಲ್ಲೆಲ್ಲೋ ಸಿಡಿಲು ಬಿತ್ತು. ಹೊಸ ಕೋಣೆಯ ಪೆಟ್ಟಿಗೆಯಲ್ಲಿ ಈ ವಯರ್ ಚುಚ್ಚುವ ಲ್ಯಾನ್ ಪೋರ್ಟ್ ಸತ್ತಿತು. ಸಿಡಿಲು ಮನೆಗೇ ಬಡಿಯಬೇಕು ಅಂತಿಲ್ಲ. ಎರಡು ಕಟ್ಟಡದ ನಡುವಿನ ತಾಮ್ರದ ವಯರ್‌ಗೆ ಅದರ ಹೊಡೆತ ಸುಮ್ನೆ ಹತ್ತಿಕೊಳ್ಳುತ್ತದೆ.

ಸರ್ವಿಸ್ ಸೆಂಟರಿನವರು ಪೆಟ್ಟಿಗೆ ತರಿಸಿಕೊಂಡರು, ವಾರಗಟ್ಟಲೆ ಇಟ್ಟುಕೊಂಡರು, ಸರ್ಜ್ ಆಗಿದೆ (ಒಮ್ಮೆಲೇ ವೋಲ್ಟ್ ಏರಿ ಸುಟ್ಟಿದೆ), ವಾರಂಟಿ ಬರುವುದಿಲ್ಲ ಅಂತ ಹಾಗೇ ವಾಪಸ್ ಕಳಿಸಿದರು. ಕೊರಿಯರ್ ಖರ್ಚೂ ನಮ್ಮದೇ. ಮಲೆನಾಡಿಗೆ ಸಾಮಾನು ಮಾರುವವರಿಗೆ ಸಿಡಿಲು ಅಂದರೆ ಏನು ಅಂತ ಗೊತ್ತಿರಬೇಡವಾ?

ದಾರಿ ತೋರಿಸಿದ್ದು ನಮ್ಮ ಫೈಬರ್ ಲೈನ್ ನೋಡಿಕೊಳ್ಳುವ ಹುಡುಗ. "ಊರಿಗೆ ಗಾಜಿನ ಎಳೆಯಲ್ಲಿ ಬಂದ ನೆಟ್ಟನ್ನ ಮನೆಯೊಳಗೆ ತಾಮ್ರದಲ್ಲಿ ಯಾಕೆ ಒಯ್ತೀರಿ ಭಟ್ರೇ" ಅಂದ. ಹೌದಲ್ವಾ! ಗಾಜಿಗೆ ಕರೆಂಟ್ ಹತ್ತುವುದಿಲ್ಲ. ಅದೇ ಪೈಪಿನೊಳಗೆ ಫೈಬರ್ ತುಂಡು ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿದೆವು. ಫೈಬರಿನ ಬೆಳಕನ್ನು ಲ್ಯಾನ್ ವಯರಿಗೆ, ಅದನ್ನು ತಿರುಗಿ ಬೆಳಕಿಗೆ ಬದಲಿಸುವ ಡಬ್ಬಿ ಅದು. ಒಂದೇ ಎಳೆಯಲ್ಲಿ ಹೋಗಿ ಬರುವ ಎ–ಬಿ ಜೋಡಿಯನ್ನೇ ಕೇಳಿ ತಗೊಳ್ಳಿ, ಎರಡೂ ಎ ಆದರೆ ಕೆಲಸ ಮಾಡುವುದಿಲ್ಲ. ಇನ್ನೊಂದು ಮಾತು. ಕಂಬದಿಂದ ಕಂಬಕ್ಕೆ ಎಳೆಯುವ ಫೈಬರ್ ಕೇಬಲ್ಲಿನ ಬದಿಗೆ ಉಕ್ಕಿನ ತಂತಿ ಇರುತ್ತದೆ. ಹುಗಿಯುವ ಮೊದಲು ಅದನ್ನು ಸೀಳಿ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಮತ್ತೆ ಲೋಹ ಎಳೆದ ಹಾಗೇ ಆಯಿತು. ಸತ್ತ ಪೆಟ್ಟಿಗೆಯ ಬದಲಿಗೆ ಒಂಟಿ ಪೆಟ್ಟಿಗೆ ಕೊಂಡದ್ದೂ ಸೇರಿ ಹತ್ತಿರ ಹತ್ತಿರ ಇನ್ನೊಂದು ಸೆಟ್ಟಿನ ದುಡ್ಡು ಹೋಯಿತು. ಗುಡುಗಿದಾಗ ಕರೆಂಟಿನ ಪ್ಲಗ್ ಕೀಳುವ ಕೆಲಸ ಈಗಲೂ ಇದೆ.

ಕರೆಂಟ್ ಕಣ್ಣು ಹೊಡೆದಾಗೆಲ್ಲ ಪೆಟ್ಟಿಗೆ ಹೊಸದಾಗಿ ಶುರುವಾಗಿ ನೆಟ್ ಹಿಡಿಯಲು ಕೆಲವು ನಿಮಿಷ ಬೇಕು. ಇದಕ್ಕೆ 12 ವೋಲ್ಟಿನ ಮಿನಿ ಯುಪಿಎಸ್ ಇಟ್ಟಿದ್ದೇನೆ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ನೋಡಿಯೇ ತಗೊಳ್ಳಿ. ನನ್ನ ಕನ್ವರ್ಟರ್ 5 ವೋಲ್ಟಿನದು, ಅದಕ್ಕೆ ಯುಪಿಎಸ್ಸಿನಲ್ಲಿ ಬೇರೆ ತೂತು ಬೇಕಾಯಿತು.

ಈಗಲೂ ಸರಿಯಾಗದ್ದು ಒಂದಿದೆ. ಮಾತಾಡುತ್ತಾ ಜಗಲಿಯಿಂದ ಹೊಸ ಕೋಣೆಗೆ ನಡೆದರೆ ನನ್ನ ಹಳೇ ಫೋನ್ ಜಗಲಿಯ ಪೆಟ್ಟಿಗೆಯನ್ನು ಬಿಡುವುದಿಲ್ಲ. ಯಾವುದಕ್ಕೆ ಅಂಟಬೇಕು ಅಂತ ತೀರ್ಮಾನ ಮಾಡುವುದು ಕೊನೆಗೆ ಫೋನೇ, ಮೆಶ್ ಅಲ್ಲ. ಜಗಲಿಯ ಪೆಟ್ಟಿಗೆಯ ಸಿಗ್ನಲ್ ಜೋರು ಕಡಿಮೆ ಮಾಡಿದ್ದರೆ ಫೋನ್ ಬೇಗ ಬಿಡುತ್ತಿತ್ತೇನೋ, ಆ ಆಯ್ಕೆ ಈ ಸೆಟ್ಟಿನ ಆ್ಯಪಿನಲ್ಲಿ ಇಲ್ಲ. ಬಚ್ಚಲು ದಾಟಿದ ಮೇಲೆ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡುತ್ತೇನೆ.