ಫ್ಲಟರ್‌ನ ಡಿಸ್ಮಿಸಿಬಲ್: ಎಳೆದರೆ ಸರಿ, ಚಿಮ್ಮಿದರೆ ಕಷ್ಟ

ಮನೆ ಮನೆಗೆ ಹಾಲು ಹಾಕುವವರಿಗೆ ಲೆಕ್ಕ ಇಡುವ ಸಣ್ಣ ಆ್ಯಪ್ ಒಂದನ್ನು ಮಾಡಿ ನೋಡಿಕೊಳ್ಳುತ್ತಿದ್ದೇನೆ. ಮನೆಗಳ ಪಟ್ಟಿಯೇ ಅದರ ಜೀವಾಳ. ಸಾಲನ್ನು ಬಲಕ್ಕೆ ಎಳೆದರೆ ‘ಹಾಕಿದ್ದಾಯ್ತು’, ಎಡಕ್ಕೆ ಎಳೆದರೆ ‘ಇವತ್ತು ಬೇಡ’. ಇದಕ್ಕೆ ಮೊದಲಿನಿಂದಲೂ ಬಳಸುತ್ತಿರುವುದು, ಆ್ಯಪ್ ಕಟ್ಟುವ ಟೂಲ್‌ಕಿಟ್ ಆದ ಫ್ಲಟರ್ ಜೊತೆಗೇ ಬರುವ ಡಿಸ್ಮಿಸಿಬಲ್ ವಿಜೆಟ್, ಅಂದರೆ ಎಳೆದು ತೆಗೆಯಬಹುದಾದ ಸಾಲು ಮಾಡಿಕೊಡುವ ಸಿದ್ಧ ತುಣುಕು. ಬೇರೆಯವರು ಬರೆದಿಟ್ಟ ಹೊರಗಿನ ಪ್ಯಾಕೇಜ್ ಸೇರಿಸಿದರೆ ಪ್ರತಿ ಅಪ್‌ಡೇಟ್‌ಗೂ ಅದನ್ನು ನೋಡಿಕೊಳ್ಳುತ್ತಾ ಕೂರಬೇಕು. ಒಬ್ಬನೇ ಕೆಲಸ ಮಾಡುವವನಿಗೆ ಅಷ್ಟು ಹೊತ್ತು ಎಲ್ಲಿರುತ್ತೆ?

ನನ್ನ ದೂರು ಒಂದೇ. ಎಷ್ಟು ದೂರ ಎಳೆದರೆ ಸಾಲು ಹೋಗಬೇಕು ಅಂತ ಡಿಸ್ಮಿಸ್‌ಥ್ರೆಶೋಲ್ಡ್ಸ್‌ನಲ್ಲಿ ಹೇಳಬಹುದು. ಹೇಳದಿದ್ದರೆ ಅದು 0.4, ಅಂದರೆ ಸಾಲಿನ ಅಗಲದ ಶೇಕಡ 40. ನಾನು 0.7 ಮಾಡಿದೆ. ಆದರೆ ಬೆರಳು ಜೋರಾಗಿ ಚಿಮ್ಮಿದರೆ ಈ ಲೆಕ್ಕವೇ ನಡೆಯುವುದಿಲ್ಲ. ಚಿಮ್ಮಿದ್ದನ್ನು ಹೆಚ್ಚುಕಡಿಮೆ ಕೊನೆಯವರೆಗೂ ಎಳೆದ ಹಾಗೆ ಎಣಿಸಿಬಿಡುತ್ತದೆ. 0.9 ಇಟ್ಟರೂ ಅಷ್ಟೇ. 1.0 ಇಟ್ಟರೆ ಆ ದಿಕ್ಕಿಗೆ ಎಳೆಯುವ ಸೌಲಭ್ಯವೇ ಹೋಗುತ್ತದೆ. ಡಾಕ್ಯುಮೆಂಟೇಶನ್‌ನಲ್ಲಿ ಇದನ್ನು ಬರೆದೇ ಇದ್ದಾರೆ, ನಿಜ. ಆದರೆ ಬೆಳಗಿನ ಜಾವ ಒಂದು ಕೈಯಲ್ಲಿ ಹಾಲಿನ ಕ್ರೇಟ್, ಇನ್ನೊಂದು ಕೈಯಲ್ಲಿ ಫೋನ್ ಹಿಡಿದವರು ಹೆಬ್ಬೆರಳನ್ನು ನಿಧಾನಕ್ಕೆ ಎಳೆಯುತ್ತಾರಾ? ಚಿಮ್ಮುತ್ತಲೇ ಹೋಗುತ್ತಾರೆ. ಹಾಗೇ ಬಿಟ್ಟರೆ, ಪಕ್ಕದ ಸಾಲಿಗೆ ಬೆರಳು ಬಿದ್ದಾಗ ಆ ಮನೆ ಪಟ್ಟಿಯಿಂದಲೇ ಮಾಯ. ಚಿಮ್ಮುವುದನ್ನು ಬೇಡ ಅನ್ನಲು ಒಂದು ಆಯ್ಕೆ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

ಇಷ್ಟಾದರೂ ಡಿಸ್ಮಿಸಿಬಲ್ ಬಿಡದಿರಲು ಕಾರಣ, ಸಾಲನ್ನು ತೆಗೆಯುವ ಮುನ್ನ ‘ತೆಗೆಯಲಾ, ಬೇಡವಾ’ ಅಂತ ನಮ್ಮ ಕೋಡನ್ನು ಕೇಳುವ ಕನ್ಫರ್ಮ್‌ಡಿಸ್ಮಿಸ್. ‘ಅಳಿಸಲಾ?’ ಅಂತ ಕೇಳುವುದಕ್ಕೆ ಜಾಸ್ತಿ ಜನ ಇದನ್ನು ಬಳಸುತ್ತಾರೆ. ನಾನು ಏನೂ ಕೇಳುವುದಿಲ್ಲ. ಅದರೊಳಗೇ ಲೆಕ್ಕ ಬರೆದು, ಕೊನೆಗೆ ಫಾಲ್ಸ್ (ಅಂದರೆ ‘ತೆಗೆಯಬೇಡ’) ವಾಪಸ್ ಕೊಡುತ್ತೇನೆ. ಸಾಲು ಅಂಚಿನವರೆಗೆ ಹೋಗುತ್ತದೆ, ಸಾಲಿನ ಹಿಂದಿರುವ ಹಸಿರು ಬಣ್ಣ ಒಂದು ಕ್ಷಣ ಪೂರ್ತಿ ಕಾಣುತ್ತದೆ, ಆಮೇಲೆ ಸಾಲು ತನ್ನ ಜಾಗಕ್ಕೆ ಟಿಕ್ ಹಾಕಿಕೊಂಡು ಬರುತ್ತದೆ. ಪಟ್ಟಿಯಿಂದ ಏನೂ ಹೋಗಲಿಲ್ಲ. ತಪ್ಪಿದ್ದರೆ ಇನ್ನೊಮ್ಮೆ ಎಳೆದರೆ ಟಿಕ್ ಹೋಯಿತು. ರಸ್ತೆಯಲ್ಲಿ ಮನೆಗಳು ಇರುವ ಕ್ರಮದಲ್ಲೇ ಪಟ್ಟಿಯೂ ಉಳಿಯುವುದರಿಂದ ಎಲ್ಲಿಯವರೆಗೆ ಬಂದೆವು ಅನ್ನುವುದೂ ಗೊತ್ತಾಗುತ್ತದೆ. ಅಳಿಸಿದ ಸಾಲು ಡೇಟಾದಲ್ಲಿ ಇನ್ನೂ ಉಳಿದಿದ್ದರೆ ಬರುವ ಆ ಕೆಂಪು ಎರರ್ ಪರದೆಯ ಕಾಟವೂ ಇಲ್ಲ. ಒಂದು ಮಾತು: ಪ್ರತಿ ಸಾಲನ್ನು ಗುರುತಿಸುವ ಕೀ ಕೊಡುವಾಗ ಸಾಲಿನ ಸಂಖ್ಯೆ ಕೊಡಬೇಡಿ, ಮನೆಯ ಐಡಿ ಕೊಡಿ.

ನನಗೆ ತುಂಬಾ ಇಷ್ಟದ ಕೆಲಸ ಆನ್‌ಅಪ್‌ಡೇಟ್‌ನದು. ಎಳೆತ ಮಿತಿ ದಾಟಿದ ಕ್ಷಣವನ್ನು ಅದು ತಿಳಿಸುತ್ತದೆ. ರೀಚ್ಡ್ (ಈಗ ಮಿತಿ ಮುಟ್ಟಿದೆ) ನಿಜ, ಪ್ರೀವಿಯಸ್‌ರೀಚ್ಡ್ (ಇದಕ್ಕೆ ಮೊದಲೇ ಮುಟ್ಟಿತ್ತು) ಸುಳ್ಳು ಆಗಿದ್ದಾಗ ಫೋನ್ ಸಣ್ಣಗೆ ನಡುಗುವಂತೆ ಮಾಡಿದ್ದೇನೆ. ಪರದೆ ನೋಡದೆಯೂ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಈಗಲೂ ಏನಾದರೂ ಬದಲಿಸಿದರೆ ಆ್ಯಪ್ ಓಡುತ್ತಿರುವಾಗಲೇ ಬದಲಾವಣೆ ತೋರಿಸುವ ಹಾಟ್ ರೀಲೋಡ್ ಒತ್ತಿ, ಹಳೇ ಫೋನ್ ಕೈಗೆತ್ತಿಕೊಂಡು, ಮೊದಲು ನಿಧಾನಕ್ಕೆ ಎಳೆದು, ಆಮೇಲೆ ಚಿಮ್ಮಿ ನೋಡುತ್ತೇನೆ. ಎರಡರಲ್ಲೂ ಟಿಕ್ ಸರಿಯಾಗಿ ಬಿದ್ದರೆ ಮಾತ್ರ ಬಿಲ್ಡ್.

ಇಮೇಲ್ ಆ್ಯಪ್‌ನ ಹಾಗೆ ಸಾಲು ಅರ್ಧ ತೆರೆದು ನಿಂತು ಬಟನ್‌ಗಳು ಕಾಣಬೇಕಾದರೆ ಡಿಸ್ಮಿಸಿಬಲ್ ಆಗುವುದಿಲ್ಲ. ಅದಕ್ಕೆ ಫ್ಲಟರ್ ಸ್ಲೈಡಬಲ್ ಪ್ಯಾಕೇಜ್ ನೋಡಿ.